ಮೊಲ ಬಲ್ಲ ಡಾಕ್ಟರಮ್ಮ

ಚೀಟಿಯ ಮೇಲೆ ಮಕ್ಕಳಿಗೆ ಕೊಡುವ ಒಂದು ಆ್ಯಂಟಿಬಯೋಟಿಕ್ ಸಿರಪ್ಪಿನ ಹೆಸರು ಬರೆದಾಗಿತ್ತು. ದಿನಕ್ಕೆರಡು ಸಲ, ಒಂದೊಂದು ಮಿಲಿ ಎಂದು ಬರೆಯುವಾಗ ಪೆನ್ನು ನಿಂತಿತು. ಒಂದೊಂದು ಮಿಲಿ ಎಂದು ನನಗೆ ಹೇಳಿದವರು ಯಾರು?

ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ, ಹಳೆಯ ಪಂಚೆಯ ತುಂಡಿನ ಮೇಲೆ ಬೂದು ಬಣ್ಣದ ಮೊಲವೊಂದು ಬೆನ್ನು ಗೂನು ಮಾಡಿಕೊಂಡು ಕೂತಿತ್ತು. ಕಿವಿ ಹಿಂದಕ್ಕೆ ಮಡಿಸಿಕೊಂಡು, ಕಣ್ಣು ಅರೆ ಮುಚ್ಚಿತ್ತು. ಅದನ್ನು ತಂದಿದ್ದವನು ಹೆಮ್ಮಿಗೆಯ ರೈತ. ಅವನ ನಾಲ್ಕು ಹಸುಗಳಿಗೂ ನಾನೇ ಡಾಕ್ಟರು. ಕೊಂಬು ಹಿಡಿದು ಎಂಥ ಎತ್ತನ್ನಾದರೂ ನಿಲ್ಲಿಸಬಲ್ಲ ಆಸಾಮಿ, ಅವತ್ತು ಬೆಳಿಗ್ಗೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದು, ಬೇರೆಯವರೆಲ್ಲ ಹೋಗುವ ತನಕ ಜಗಲಿಯ ಮೇಲೆ ಕಾದಿದ್ದ.

"ನಗಬ್ಯಾಡಿ ಸಾ. ಮೊಲ ಕಣ್ ಸಾ. ನಿನ್ನೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದಿದ್ದ.

ನಾನು ನಗಲಿಲ್ಲ. ಆದರೆ ಅದನ್ನು ದೊಡ್ಡ ವಿಷಯ ಎಂದೂ ತಿಳಿಯಲಿಲ್ಲ. ಕೆಚ್ಚಲು ಬಾವು, ಹೊಟ್ಟೆಯುಬ್ಬರ, ಅಡ್ಡ ಬಿದ್ದ ಕರು, ಕಾಲುಬಾಯಿ ಲಸಿಕೆ ಇವುಗಳಲ್ಲೇ ನನ್ನ ಹದಿನೆಂಟು ವರ್ಷ ಕಳೆದಿದ್ದವು. ಕಾಲೇಜಿನಲ್ಲಿ ಮೊಲದ ಬಗ್ಗೆ ಒಂದು ಪಾಠ ಇದ್ದದ್ದು ನಿಜ. ಅದರಲ್ಲಿ ಉಳಿದದ್ದು ಒಂದೇ ಒಂದು ಮಾತು: ಮೊಲಕ್ಕೆ ಆ್ಯಂಟಿಬಯೋಟಿಕ್ ಕೊಡುವಾಗ ಎಚ್ಚರ. ಯಾವುದಕ್ಕೆ ಎಚ್ಚರ, ಯಾಕೆ ಎಚ್ಚರ, ಅದು ನೆನಪಿರಲಿಲ್ಲ. ಪೆನ್ನು ನಿಂತದ್ದು ಆ ಅರ್ಧ ನೆನಪಿನಿಂದ.

"ಬರ್ಕೊಡಿ ಸಾ, ಮೆಡಿಕಲ್ಲಿಗೆ ಓಗ್ಬತ್ತೀನಿ," ಎಂದ ರೈತ.

"ಒಂದ್ನಿಮಿಷ ಇರಪ್ಪ."

"ಅದುಕ್ಕೇನಾರ ಆದ್ರೆ ಮನೇಲಿ..." ಎಂದು ಅವನು ಮಾತು ನಿಲ್ಲಿಸಿದ. ಆಮೇಲೆ ಹೇಳಿದ. ಅವನ ಹೆಂಡತಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದಿತ್ತು. ಎಡಗೈ ಮಡಚಿಕೊಂಡು ಮುಷ್ಟಿಯಾಗಿಬಿಟ್ಟಿತ್ತು, ಮಾತು ತೊದಲುತ್ತಿತ್ತು. ವ್ಯಾಯಾಮ ಹೇಳಿಕೊಟ್ಟಿದ್ದರು, ಆಕೆ ಮಾಡುತ್ತಿರಲಿಲ್ಲ. ನರಸೀಪುರದ ಸಂತೆಯಲ್ಲಿ ಒಬ್ಬ ಮಂಕರಿಯಲ್ಲಿ ಮೊಲದ ಮರಿ ಮಾರುತ್ತಿದ್ದ. ಏನೋ ತೋಚಿ ಇವನು ಒಂದನ್ನು ತಂದು ಅವಳ ಮಡಿಲಲ್ಲಿ ಬಿಟ್ಟ. ಅದರ ಬೆನ್ನು ಸವರಲು ಹೋಗಿ ಹೋಗಿ, ಮೂರು ತಿಂಗಳಲ್ಲಿ ಆ ಮುಷ್ಟಿ ಬಿಚ್ಚಿಕೊಂಡಿತ್ತು. "ಮೊದ್ಲು ಎಬ್ಬೆಟ್ಟು ಬಿಡುಸ್ತು ಸಾ. ಆಮೇಲೆ ಒಂದೊಂದೇ ಬೆಳ್ಳು. ಅವಳ ಮಾತು ಬೂದಂಗೆ ಚೆನ್ನಾಗಿ ತಿಳೀತದೆ. ನಮಗೇ ತಿಳಿಯಲ್ಲ." ಬೂದ ಎಂದರೆ ಆ ಮೊಲದ ಹೆಸರು.

ನಾನು ಚೀಟಿಯ ಮೇಲಿನ ಹೆಸರನ್ನು ಹೊಡೆದು ಹಾಕಿದೆ. "ಇದರ ಬಗ್ಗೆ ನನಗೆ ಗೊತ್ತಿಲ್ಲ, ಗೊತ್ತಿರೋರನ್ನ ಹುಡುಕ್ತೀನಿ," ಎಂದೆ. ಹದಿನೆಂಟು ವರ್ಷದಲ್ಲಿ ಒಬ್ಬ ರೈತನ ಎದುರು ಹಾಗೆ ಹೇಳಿದ್ದು ಅದೇ ಮೊದಲು. ಅವನ ಮುಖ ಸಪ್ಪಗಾಯಿತು. ನನ್ನದೂ ಆಗಿರಬೇಕು.

ಮೊದಲು ಮೈಸೂರಿನ ಒಂದು ಸಾಕುಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿದೆ. ಮೊಲ ನೋಡುವ ಡಾಕ್ಟರು ವಾರಕ್ಕೆರಡು ದಿನ ಮಾತ್ರ ಬರುತ್ತಾರೆ, ಇನ್ನು ಶನಿವಾರವೇ ಎಂದರು. ಅವತ್ತು ಬುಧವಾರ. ಇನ್ನೊಂದು ಕಡೆ, ನಾಯಿ ಬೆಕ್ಕು ಬಿಟ್ಟು ಬೇರೆ ನೋಡುವುದಿಲ್ಲ ಎಂದರು. ನನ್ನ ಜೊತೆ ಓದಿದವನೊಬ್ಬ ನಕ್ಕುಬಿಟ್ಟ. "ಮೊಲಕ್ಕೇನಯ್ಯ ಟ್ರೀಟ್‌ಮೆಂಟು? ಇನ್ನೊಂದು ತಗೊಳ್ಳಕ್ಕೆ ಹೇಳು." ಮತ್ತೊಬ್ಬ ಕಾಳಜಿಯಿಂದಲೇ ಮಾತಾಡಿದ, ನಾನು ಆಗಷ್ಟೇ ಹೊಡೆದು ಹಾಕಿದ್ದ ಅದೇ ಸಿರಪ್ಪಿನ ಹೆಸರು ಹೇಳಿದ. "ಮೊಲಕ್ಕೆ ಕೊಟ್ಟಿದ್ದೀಯಾ?" ಎಂದೆ. "ಕೊಟ್ಟಿಲ್ಲ, ಆದ್ರೆ ಏನಾಗುತ್ತೆ?" ಎಂದ.

ಹೀಗೆ ಮುಕ್ಕಾಲು ಗಂಟೆ ಹೋಯಿತು. ನಮ್ಮ ಚಿಕಿತ್ಸಾಲಯದ ಅಟೆಂಡರು ಬಾಗಿಲಲ್ಲಿ ಸಿರಿಂಜುಗಳ ಟ್ರೇ ಹಿಡಿದುಕೊಂಡು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ತಗಡೂರಿನವನು, ಕಡಿಮೆ ಮಾತಿನ ಮನುಷ್ಯ.

"ಸಾ, ನಮ್ಮೂರಲ್ಲಿ ನಮ್ ಬಾಮೈದ ಒಂದೆಲ್ಡು ಮೊಲ ಸಾಕಿದ್ದ. ಒಂದುಕ್ಕೆ ಕತ್ತು ಸೊಟ್ಟಗಾಗಿ ಬಿದ್ಬಿಟ್ಟಿತ್ತು. ನಂಜನಗೂಡಲ್ಲಿ ಒಬ್ರು ಡಾಕ್ಟ್ರಮ್ಮ ಅವ್ರೆ. ಬೋರ್ಡು ಗೀರ್ಡು ಇಲ್ಲ, ಮನೇಲೇ ನೋಡ್ತಾರೆ. ನೆಟ್ಟಗೆ ಮಾಡ್ಕೊಟ್ರು."

"ಮೊದ್ಲೇ ಹೇಳೋದಲ್ವೇನಪ್ಪಾ?"

"ನೀವು ಡಾಕ್ಟ್ರುಗಳ ತಾವ ಮಾತಾಡ್ತಿದ್ರಲ್ಲ ಸಾ," ಎಂದ.

ಅವನ ಬಾಮೈದನಿಂದ ನಂಬರು ಸಿಕ್ಕಿತು. ಫೋನ್ ಎತ್ತಿದ್ದು ವಯಸ್ಸಾದ ಹೆಂಗಸಿನ ದನಿ. ಮೊಲವೊಂದು ತಿನ್ನುವುದು ಬಿಟ್ಟಿದೆ ಎಂದು, ನನ್ನ ಹೆಸರು, ಹುದ್ದೆ ಎಲ್ಲ ಹೇಳಲು ಹೊರಟೆ. ಅವರು ನಡುವೆಯೇ ಕೇಳಿದರು, "ಟೆಂಪರೇಚರ್ ಎಷ್ಟಿದೆ?"

"ತೊಂಬತ್ತೆಂಟೂವರೆ, ಮೇಡಂ. ಜ್ವರ ಇಲ್ಲ."

"ಮೊಲಕ್ಕೆ ನೂರೊಂದೂವರೆ, ನೂರೆರಡು ಇರ್ಬೇಕು. ಅದು ತಣ್ಣಗಾಗ್ತಾ ಇದೆ ಡಾಕ್ಟ್ರೇ. ಬಾಯಿಗೆ ಆ್ಯಂಟಿಬಯೋಟಿಕ್ ಏನೂ ಹಾಕಿಲ್ಲ ತಾನೆ?"

"ಇಲ್ಲ," ಎಂದೆ. ಹೊಡೆದು ಹಾಕಿದ ಚೀಟಿ ಇನ್ನೂ ಕೈಯಲ್ಲೇ ಇತ್ತು. ನಾನು ಬರೆದಿದ್ದ ಸಿರಪ್ಪಿನ ಹೆಸರನ್ನೂ ಹೇಳಿದೆ.

"ಒಳ್ಳೇದಾಯ್ತು ಬಿಡಿ. ಮೊಲ ಬದುಕೋದು ಅದರ ಹೊಟ್ಟೆಯೊಳಗಿರೋ ಕ್ರಿಮಿಗಳಿಂದ. ಆ ಸಿರಪ್ಪು ಅವನ್ನ ಕೊಂದು, ವಿಷ ಮಾಡೋವನ್ನ ಬೆಳೆಸುತ್ತೆ. ಎರಡು ಮೂರು ದಿನದಲ್ಲಿ ಭೇದಿಯಾಗಿ ಹೋಗ್ಬಿಡೋದು." ಆಮೇಲೆ ಒಂದೊಂದಾಗಿ ಹೇಳಿದರು. ಎರಡು ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಎರಡು ಪಕ್ಕಕ್ಕೆ ಇಡಿ. ಪೆಟ್ಟಿಗೆಯ ಮೇಲೆ ಬಟ್ಟೆ ಹೊದಿಸಿ ಕತ್ತಲೆ ಮಾಡಿ. ಹೊಟ್ಟೆ ಒತ್ತಿ ನೋಡಬೇಡಿ. ಎತ್ತುವಾಗ ಹಿಂಗಾಲಿಗೆ ಆಸರೆ ಕೊಡಿ. ಗಾಬರಿಯಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನ ತಾನೇ ಮುರಿದುಕೊಳ್ಳುತ್ತೆ. "ಮತ್ತೆ, ದಿನಾ ಅದನ್ನ ನೋಡಿಕೊಳ್ಳೋರು ಯಾರು? ಅವರನ್ನ ಕರ್ಕೊಂಡು ಬನ್ನಿ. ಮೊಲದಷ್ಟೇ ಅವರೂ ಬೇಕು."

ರೈತ ಹೆಮ್ಮಿಗೆಗೆ ಹೋಗಿ ಆಟೋದಲ್ಲಿ ಹೆಂಡತಿಯನ್ನು ಕರೆತಂದ. ನಾನು ಅರ್ಧ ದಿನ ರಜೆ ಹಾಕಿ ನನ್ನ ಕಾರಿನಲ್ಲಿ ಅವರನ್ನು ಕೂರಿಸಿಕೊಂಡೆ. ದಾರಿಯುದ್ದಕ್ಕೂ ಆಕೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆಯ ಒಳಗೆ ಎಡಗೈ ತೂರಿಸಿ ಕೂತಿದ್ದರು. ನಾನು ಹೊಂಡ ತಪ್ಪಿಸಿ ನಿಧಾನಕ್ಕೆ ಓಡಿಸಿದೆ. ಗಬ್ಬದ ಹಸು ಸಾಗಿಸುವ ಲಾರಿಯವನಿಗೂ ನಾನು ಅಷ್ಟು ನಿಧಾನ ಹೇಳಿದವನಲ್ಲ.

ನಂಜನಗೂಡಿನಲ್ಲಿ ಡಾಕ್ಟರಮ್ಮನ ಮನೆ ಒಂದು ಸಣ್ಣ ಗಲ್ಲಿಯೊಳಗಿತ್ತು. ಮುಂದಿನ ಕೋಣೆಯೇ ಕ್ಲಿನಿಕ್ಕು. ಕಿಟಕಿಗೆ ಕಂಬಳಿಯ ಪರದೆ, ನೆಲಕ್ಕೆ ಚಾಪೆ. ಅವರು ಎಪ್ಪತ್ತರ ಹತ್ತಿರದವರು, ತೆಳ್ಳಗೆ, ನೂಲಿನ ಸೀರೆ, ಬಳೆ ಇಲ್ಲದ ಕೈ. "ಬಳೆ ಸದ್ದಾಗುತ್ತೆ," ಎಂದು ನಾನು ಕೇಳದೆಯೇ ಹೇಳಿದರು. ಮೇಜಿನ ಮೇಲೆ ಪರೀಕ್ಷಿಸಲಿಲ್ಲ. ಚಾಪೆಯ ಮೇಲೆ ಕೂತು, ಪೆಟ್ಟಿಗೆಯನ್ನು ಓರೆ ಮಾಡಿ, ಮೊಲ ತಾನಾಗಿ ಈಚೆ ಬರುವ ತನಕ ಕಾದರು. ಐದು ನಿಮಿಷ ಆಗಿರಬಹುದು. ಅಷ್ಟರೊಳಗೆ ನಾನಾಗಿದ್ದರೆ ಎರಡು ಇಂಜೆಕ್ಷನ್ ಮುಗಿಸಿರುತ್ತಿದ್ದೆ.

ಸ್ಟೆತಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಬಹಳ ಹೊತ್ತಾದ ಮೇಲೆ ಕಿವಿಯಿಂದ ತೆಗೆದು ನನಗೆ ಕೊಟ್ಟರು. ನಾನೂ ಕೇಳಿದೆ. ಹಸುವಿನ ಹೊಟ್ಟೆಯಾದರೆ ದೂರದ ಗುಡುಗಿನ ಹಾಗೆ ಮೊಳಗುತ್ತದೆ. ಇಲ್ಲಿ ಏನೂ ಇರಲಿಲ್ಲ. "ಎರಡು ನಿಮಿಷಕ್ಕೆ ಒಂದು ಸಲ ಸಣ್ಣಗೆ ಕೊಳಕ್ ಅನ್ನುತ್ತೆ, ಕೇಳಿ," ಎಂದರು. ಕಾದೆ. ಅಂದಿತು. ನೀರೊಳಗೆ ಒಂದು ಗುಳ್ಳೆ ಒಡೆದಷ್ಟು. ಆ ಒಂದು ಗುಳ್ಳೆಯ ಸದ್ದಿನ ಮೇಲೆ ಇಡೀ ಪ್ರಾಣ ನಿಂತಿತ್ತು.

ಆಮೇಲೆ ಅವರು ಮನುಷ್ಯರ ಸಕ್ಕರೆ ಕಾಯಿಲೆಗೆ ರಕ್ತ ನೋಡುವ ಸಣ್ಣ ಮೀಟರು ತೆಗೆದರು. ಕಿವಿಯ ಅಂಚಿನ ನರದಿಂದ ಒಂದು ತೊಟ್ಟು ರಕ್ತ ಹಿಡಿದರು. ಇನ್ನೂರು ಚಿಲ್ಲರೆ ತೋರಿಸಿತು.

"ಇದು ಹೆದರಿಕೆಗೆ, ನೋವಿಗೆ ಏರಿರೋದು. ಕರುಳು ಕಟ್ಟಿಕೊಂಡಿದ್ರೆ ನಾನೂರರ ಹತ್ತಿರ ಹೋಗೋದು. ಕಟ್ಟಿಲ್ಲ, ನಿಂತಿದೆ. ನಿಂತಿದ್ದನ್ನ ನಡೆಸಬಹುದು." ನಂತರ ರೈತನ ಕಡೆ ತಿರುಗಿದರು. "ಯಾಕೆ ನಿಂತಿತು ಅನ್ನೋದು ಈಗ ಬೇಕು. ಏನು ಹಾಕ್ತೀರಿ ಇದಕ್ಕೆ?"

"ಹುಲ್ಲು, ಕ್ಯಾರೆಟ್ಟು, ಬಾಳೆಹಣ್ಣು, ಎಲ್ಲ ಕೊಡ್ತೀವಿ. ಇವಳು ಸರ್ಯಾಗಿ ನೋಡ್ಕತಾಳೆ..."

ಹೆಂಡತಿ ಏನೋ ಹೇಳಲು ತುಟಿ ತೆರೆದರು. ಮಾತು ಹೊರಡುವ ಮೊದಲೇ ಗಂಡ, "ಅದೇ, ಚೆನ್ನಾಗೇ ಇತ್ತು ಅಂತಾಳೆ," ಎಂದ.

"ನೀವು ಸ್ವಲ್ಪ ಸುಮ್ಮನಿರಿ," ಎಂದರು ಡಾಕ್ಟರಮ್ಮ, ಗದರಿಸದೆ. "ಅವರೇ ಹೇಳಲಿ. ಹೇಳಮ್ಮ, ನನಗೇನೂ ಅವಸರ ಇಲ್ಲ."

ಆಕೆ ಒಂದೊಂದೇ ಪದ ಹುಡುಕಿ ಹುಡುಕಿ ಇಟ್ಟರು. ನಡುವೆ ಎಷ್ಟೆಷ್ಟೋ ಹೊತ್ತು ಮೌನ. ನಾವು ಮೂವರೂ ಕಾದೆವು.

"ಹುಲ್ಲು... ಬಿಟ್ಟು... ತಿಂಗ್ಳಾಯ್ತು. ಕಚ್ತದೆ... ಕೆಳಗ್... ಬೀಳುಸ್ತದೆ. ಮೆತ್ತಂದು... ಮಾತ್ರ." ಉಸಿರು ತೆಗೆದುಕೊಂಡು ತಮ್ಮ ಗದ್ದದ ಕೆಳಗೆ ಬೆರಳಿಟ್ಟರು. "ಇಲ್ಲಿ... ಒದ್ದೆ. ಯಾವಾಗ್ಲೂ." ಹೆಬ್ಬೆರಳಿನಿಂದ ಕಿರುಬೆರಳಿನ ತುದಿ ತೋರಿಸಿದರು. "ಇಕ್ಕೆ... ಸಣ್ಣ ಆಯ್ತು. ಕಾಳ್ಮೆಣ್ಸು... ಅಂಗೆ."

ಗಂಡ ಬೆರಗಾಗಿ ಹೆಂಡತಿಯನ್ನೇ ನೋಡುತ್ತಿದ್ದ. ಡಾಕ್ಟರಮ್ಮ ಮೊಲದ ಗದ್ದ ಮುಟ್ಟಿ ನೋಡಿದರು. ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಬೆಳಿಗ್ಗೆಯಿಂದ ನನ್ನ ಮೇಜಿನ ಮೇಲಿದ್ದರೂ ನಾನು ಅದನ್ನು ಕಂಡಿರಲಿಲ್ಲ.

"ಹಲ್ಲು," ಎಂದರು. "ಇವರು ಹೇಳಿದ್ದರಲ್ಲಿ ಎಲ್ಲಾ ಇದೆ. ನಾನು ಸುಮ್ಮನೆ ನೋಡಿ ಖಾತ್ರಿ ಮಾಡ್ಕೊಳ್ಳೋದು ಅಷ್ಟೆ."

ಕಿವಿಯೊಳಗೆ ನೋಡುವ ದೀಪದ ಕೊಳವೆಯನ್ನು ಬಾಯಿಯ ಪಕ್ಕದಿಂದ ಒಳಗೆ ಬಿಟ್ಟು ನನಗೆ ತೋರಿಸಿದರು. ಮೊದಲು ನನಗೆ ಬರೀ ಕೆಂಪು, ಬರೀ ಜೊಲ್ಲು. "ಕೆಳಗಿನ ದವಡೆ, ನಾಲಿಗೆ ಕಡೆ ನೋಡಿ." ಆಗ ಕಂಡಿತು. ಅರೆಯುವ ಹಲ್ಲಿನ ಅಂಚಿನಿಂದ ಸೂಜಿಯಂಥ ಒಂದು ಮುಳ್ಳು ಬೆಳೆದು ನಾಲಿಗೆಯ ಪಕ್ಕಕ್ಕೆ ಚುಚ್ಚಿ ನಿಂತಿತ್ತು. ಅಲ್ಲೊಂದು ಬಿಳಿಚಿದ ಹುಣ್ಣು. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಹುಲ್ಲು ಅರೆದರೆ ಸವೆಯುತ್ತದೆ. ಬಾಳೆಹಣ್ಣು, ಕ್ಯಾರೆಟ್ಟಿನಿಂದ ಸವೆಯುವುದಿಲ್ಲ. ಹಲ್ಲು ಚುಚ್ಚಿದರೆ ಹುಲ್ಲು ಬಿಡುತ್ತದೆ, ಹುಲ್ಲು ಬಿಟ್ಟರೆ ಹಲ್ಲು ಇನ್ನೂ ಬೆಳೆಯುತ್ತದೆ, ಕೊನೆಗೆ ಕರುಳು ನಿಲ್ಲುತ್ತದೆ.

"ಹಾಗಿದ್ರೆ ಈಗಲೇ ಸವೆಸಿಬಿಡೋಣ ಮೇಡಂ, ನಾನಿದ್ದೀನಿ," ಎಂದೆ. ಕಾಯಿಲೆ ಗೊತ್ತಾದ ಕೂಡಲೇ ಕೈ ಹಾಕುವುದು ನನ್ನ ಸ್ವಭಾವ.

ಅವರು ಬೇಡವೆಂದು ತಲೆಯಾಡಿಸಿದರು. "ಇವತ್ತು ಮತ್ತಿನ ಔಷಧಿ ಕೊಟ್ಟು ಹಲ್ಲು ಮುಟ್ಟಿದ್ರೆ ಹಲ್ಲು ಸರಿಹೋಗುತ್ತೆ, ಮೊಲ ಇರಲ್ಲ. ಮೈ ತಣ್ಣಗಿದೆ, ನೀರು ಆರಿದೆ. ಮೊದಲು ಬೆಚ್ಚಗಾಗಲಿ, ನೋವು ಇಳೀಲಿ, ಹೊಟ್ಟೆ ನಡೀಲಿ. ನಾಳೆ ನೋಡೋಣ."

"ನಾಳೆವರೆಗೂ ತಡೆಯುತ್ತಾ?"

"ಗೊತ್ತಿಲ್ಲ," ಎಂದರು. ಅಷ್ಟು ತಿಳಿದವರ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು.

ಬೆಚ್ಚಗೆ ಮಾಡಿದ ಸಲೈನನ್ನು ಹೆಗಲ ನಡುವಿನ ಚರ್ಮದಡಿ ಕೊಟ್ಟರು, ನೋವಿಗೆ ಒಂದು ಇಂಜೆಕ್ಷನ್. ಒಣಹುಲ್ಲನ್ನು ನುಣ್ಣಗೆ ಪುಡಿ ಮಾಡಿ ಬಿಸಿನೀರಲ್ಲಿ ಕಲಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಬೇಕು. ಅದು ನುಂಗಿದ ಮೇಲೇ ಮುಂದಿನದು. ಎರಡು ಮೂರು ಗಂಟೆಗೊಮ್ಮೆ. ಯಾರು ಹಾಕುವವರು ಎಂಬ ಮಾತು ಬಂದಾಗ ರೈತ ಹಸುಗಳ ಹಾಲು ಕರೆಯಲು ಹೋಗಬೇಕಾದ್ದು ನೆನೆದು ಚಡಪಡಿಸಿದ. ಹೆಂಡತಿ ಬಲಗೈಯಲ್ಲಿ ಸಿರಿಂಜು ತೆಗೆದುಕೊಂಡರು.

"ನಾ... ಇರ್ತೀನಿ."

"ಇಲ್ಲೆಂಗಿದ್ದೀಯಮ್ಮಿ? ಗೊತ್ತಿಲ್ಲದ ಮನೆ..."

"ಇರ್ತೀನಿ," ಎಂದರು ಮತ್ತೆ. ಲಕ್ವ ಹೊಡೆದ ಮೇಲೆ ಆಕೆ ಆಸ್ಪತ್ರೆ ಬಿಟ್ಟರೆ ಮನೆಯ ಹೊಸಲು ದಾಟಿರಲಿಲ್ಲವಂತೆ. ಡಾಕ್ಟರಮ್ಮ ಒಳಗೆ ಹೋಗಿ, ತಮ್ಮ ಜೊತೆಗೇ ಇದ್ದ ತಂಗಿಗೆ, ಊಟಕ್ಕೆ ಇನ್ನೊಬ್ಬರಿದ್ದಾರೆ ಎಂದು ಹೇಳಿ ಬಂದರು.

ಮರುದಿನ ಹತ್ತು ಗಂಟೆಗೆ ನಾನು ಮತ್ತು ರೈತ ಹೋದಾಗ ಆಕೆ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದರು. ಮಡಿಲಲ್ಲಿ ಬೂದ. ಪಕ್ಕದಲ್ಲಿ ಒಂದು ಕಾಗದ. ಅದರ ಮೇಲೆ ಏಳು ಕಪ್ಪು ಹಿಕ್ಕೆ. ಆಕೆ ನಮಗೆ ಅದನ್ನೇ ಮೊದಲು ತೋರಿಸಿದರು. ಟೆಂಪರೇಚರ್ ನೂರೊಂದು ದಾಟಿತ್ತು.

"ಈಗ ಮುಟ್ಟಬಹುದು," ಎಂದರು ಡಾಕ್ಟರಮ್ಮ. ಮತ್ತಿನ ಔಷಧಿ ಕೊಡುವ ಮೊದಲು ಮೊಲವನ್ನು ಉಪವಾಸ ಇಡಲಿಲ್ಲ. ನಾಯಿಗಾದರೆ ವಾಂತಿಯ ಭಯಕ್ಕೆ ಇಡುತ್ತೇವೆ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಹೊಟ್ಟೆ ಖಾಲಿಯಾಗುವುದೇ ಅದಕ್ಕೆ ಅಪಾಯ ಎಂದರು. ನನ್ನ ಕೆಲಸ ಉಸಿರು ಎಣಿಸುವುದು. ಬಾಯಿ ತೆರೆದಿಡುವ ಪುಟ್ಟ ಚಿಮುಟ, ನಾಲಿಗೆ ಸರಿಸುವ ಚಪ್ಪಟೆ ಕಡ್ಡಿ, ಹಲ್ಲಿನ ಡಾಕ್ಟರು ಬಳಸುವ ಸಣ್ಣ ಯಂತ್ರ. ಬೆರಳು ಹೋಗದ ಆ ಬಾಯಿಯೊಳಗೆ ಅವರ ಕೈ ಅಲುಗದೆ ಇಳಿಯಿತು. ಯಂತ್ರ ಎರಡೆರಡು ಸೆಕೆಂಡು ಮಾತ್ರ ತಿರುಗುತ್ತಿತ್ತು.

ಎಡಗಡೆಯದು ಮುಗಿದು, ಬಲಗಡೆಯಲ್ಲೂ ಇದ್ದ ಇನ್ನೊಂದು ಮುಳ್ಳಿಗೆ ಬಂದಾಗ ನನ್ನ ಬೆರಳಿನ ಕೆಳಗಿನ ಎದೆ ನಿಂತಿತು.

"ಉಸಿರಿಲ್ಲ," ಎಂದೆ.

ಅವರು ಯಂತ್ರ ಕೆಳಗಿಟ್ಟರು, ಚಿಮುಟ ತೆಗೆದರು, ನಾಲಿಗೆಯನ್ನು ಮುಂದಕ್ಕೆ ಎಳೆದು ಕತ್ತನ್ನು ನೆಟ್ಟಗೆ ಮಾಡಿ ಮೂಗಿಗೆ ಆಕ್ಸಿಜನ್ನಿನ ಬಟ್ಟಲು ಹಿಡಿದರು. ಎರಡು ಬೆರಳಿನಿಂದ ಎದೆಯನ್ನು ಒಂದು ಲಯದಲ್ಲಿ ಒತ್ತಿ ಬಿಟ್ಟರು. ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ನಾನು ಎಣಿಸಲು ಮರೆತಿದ್ದೆ. ಅಂಗೈಯಗಲದ ಆ ಎದೆ ಒಮ್ಮೆ ಅದುರಿತು, ಇನ್ನೊಮ್ಮೆ, ಆಮೇಲೆ ತಾನೇ ಏರಿಳಿಯತೊಡಗಿತು.

"ಎಣಿಸಿ," ಎಂದರು. ಎಣಿಸಿದೆ. ಇನ್ನೂ ಎರಡು ನಿಮಿಷ ಕಾದು, ಉಳಿದ ಒಂದು ಮುಳ್ಳನ್ನು ಸವೆಸಿ ಮುಗಿಸಿದರು.

ಎಚ್ಚರವಾದ ಮೇಲೆ ಹೆಂಡತಿಯ ಮಡಿಲಿಗೆ ಕೊಟ್ಟೆವು. ರೈತ ಹಿತ್ತಲಿಂದ ಒಂದು ಹಿಡಿ ಗರಿಕೆ ಕಿತ್ತು ತಂದ. ಒಂದು ಗಂಟೆ ಅದು ಗರಿಕೆಯ ಕಡೆ ನೋಡಲೇ ಇಲ್ಲ. ಆಕೆಯ ಎಡಗೈ ಬೆನ್ನ ಮೇಲೆ, ತಡವರಿಸುತ್ತ, ತಲೆಯಿಂದ ಬಾಲದ ತನಕ ಹೋಗುತ್ತಿತ್ತು, ಬರುತ್ತಿತ್ತು. ಆಮೇಲೆ ಮೂಗು ಅಲುಗಿತು. ಒಂದು ಎಸಳು ಗರಿಕೆ ತುದಿಯಿಂದ ಒಳಗೆ ಹೋಗತೊಡಗಿತು, ಅಗಿಯುವ ಸದ್ದು ಕೋಣೆಗೆಲ್ಲ ಕೇಳಿಸಿತು. ರೈತ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದುಕೊಂಡು ಬಂದ.

ನಾನು ಡಾಕ್ಟರಮ್ಮನನ್ನು ಕೇಳಿದೆ, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು. ಅವರು ಉಪಕರಣ ತೊಳೆಯುತ್ತಿದ್ದರು.

"ಔಷಧಿ ಪರೀಕ್ಷೆ ಮಾಡೋ ಕಡೆ ಇದ್ದೆ, ಬೇರೆ ರಾಜ್ಯದಲ್ಲಿ. ಮೊಲಗಳ ಮನೆ ನನ್ನ ಉಸ್ತುವಾರಿ. ಇಪ್ಪತ್ತಾರು ವರ್ಷ. ಮೊಲ ನೋವಾದ್ರೆ ಕೂಗಲ್ಲ ಡಾಕ್ಟ್ರೇ, ಅಡಗಿಸಿಕೊಳ್ಳುತ್ತೆ. ನೋವಾಗ್ತಿದೆಯಾ ಅಂತ ನೋಡಿ ಬರೆಯೋದೇ ನನ್ನ ಕೆಲಸ." ನಲ್ಲಿ ನಿಲ್ಲಿಸಿದರು. "ಅಲ್ಲಿ ಒಂದನ್ನೂ ವಾಸಿ ಮಾಡಿ ಮನೆಗೆ ಕಳಿಸೋ ಹಾಗಿರಲಿಲ್ಲ."

ಭಾನುವಾರಗಳಲ್ಲಿ ಬಂದು ಕಲಿಯಬಹುದೇ ಎಂದು ಕೇಳಿದೆ. ಬನ್ನಿ ಎಂದರು.

ಮುಂದಿನ ಭಾನುವಾರ ಹೊಸ ನೋಟ್‌ಬುಕ್ಕು, ದೀಪ, ಸ್ಟೆತಸ್ಕೋಪು ಎಲ್ಲ ಹಿಡಿದು ಹೋದೆ. ಅವರು ಎಲ್ಲವನ್ನೂ ಹೊರಗಿಡಿಸಿದರು. ಚಾಪೆಯ ಮೇಲೆ ಅವರದೇ ಒಂದು ಬಿಳಿ ಮೊಲ ಓಡಾಡಿಕೊಂಡಿತ್ತು. "ಮುಟ್ಟಬೇಡಿ. ಸುಮ್ಮನೆ ಕೂತು ನೋಡಿ, ಒಂದು ಗಂಟೆ," ಎಂದು ಒಳಗೆ ಹೋದರು.

ಕೂತೆ. ಇಷ್ಟು ವರ್ಷದಲ್ಲಿ ಕಾಯಿಲೆಯಿಲ್ಲದ ಒಂದು ಪ್ರಾಣಿಯ ಮುಂದೆ ನಾನು ಒಂದು ಗಂಟೆ ಕೂತದ್ದೇ ಇಲ್ಲ. ಮೊದಲ ಕಾಲು ಗಂಟೆ ಗಡಿಯಾರ ನೋಡಿದೆ. ಆಮೇಲೆ ಅದರ ದವಡೆ ಮೇಲೆ ಕೆಳಗೆ ಅಲ್ಲ, ಪಕ್ಕದಿಂದ ಪಕ್ಕಕ್ಕೆ ಬೀಸುಕಲ್ಲಿನ ಹಾಗೆ ಆಡುವುದು ಕಂಡಿತು. ಒಂದು ಕಿವಿ ನನ್ನ ಕಡೆ, ಇನ್ನೊಂದು ಬೀದಿಯ ಕಡೆ. ನಾನು ಸೀನಿದಾಗ ಹಿಂಗಾಲಿನಿಂದ ನೆಲ ಗುದ್ದಿತು. ಕೊನೆಗೆ ನನ್ನ ಮೊಣಕಾಲಿನ ಹತ್ತಿರವೇ ಬಂದು, ಧೊಪ್ಪನೆ ಪಕ್ಕಕ್ಕೆ ಬಿದ್ದು ಕಾಲು ಚಾಚಿ ಮಲಗಿತು. ಸತ್ತೇ ಹೋಯಿತೆಂದು ಬಗ್ಗಿ ನೋಡಿದೆ. ಇಲ್ಲ, ಉಸಿರಾಡುತ್ತಿತ್ತು. ನನ್ನನ್ನು ನಂಬಿ ಮಲಗಿತ್ತು.

ಡಾಕ್ಟರಮ್ಮ ಬಂದು, "ಏನೇನು ನೋಡಿದ್ರಿ?" ಎಂದರು.

ಕಂಡದ್ದನ್ನೆಲ್ಲ ಹೇಳಿದೆ. ಕೊನೆಯ ತನಕ ಕೇಳಿ, ಮಲಗಿದ್ದ ಮೊಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಪರವಾಗಿಲ್ಲ," ಎಂದರು. "ಇನ್ನೊಂದು ಗಂಟೆ ಕೂತ್ಕೊಳ್ಳಿ."

ಕಾಲು ಜೋಮು ಹಿಡಿದಿತ್ತು. ಅದು ಎಚ್ಚರವಾಗದ ಹಾಗೆ ಮೆಲ್ಲಗೆ ಮಡಚಿಕೊಂಡು ಕೂತೆ.